ಪಟ್ಟಿ ಸಾಗಿಸುವ ಮುನ್ನ

ಕಂಪನಿಯ ಕಂಪ್ಯೂಟರ್ ಜಾಲವನ್ನು ಹಳೆಯ ಬಳಕೆದಾರ ವ್ಯವಸ್ಥೆಯಿಂದ ಹೊಸದಕ್ಕೆ ಸಾಗಿಸುವ ಯೋಜನೆ ಯಾವುದೇ ಇರಲಿ, ಅದರ ಕಾಲಪಟ್ಟಿಯ ನಡುವೆ ಒಂದು ಶನಿವಾರ ಇರುತ್ತದೆ. ಶುಕ್ರವಾರ ಸಂಜೆ ಎಲ್ಲರೂ ಲಾಗ್‌ಔಟ್ ಆಗಬೇಕು, ಶನಿವಾರ ಭಾನುವಾರ ಐಟಿ ತಂಡ ಸರ್ವರ್ ಬದಲಿಸುತ್ತದೆ, ಸೋಮವಾರ ಬೆಳಿಗ್ಗೆ ಎಲ್ಲರೂ ಹಳೆಯ ಹೆಸರಿನಲ್ಲೇ ಒಳಗೆ ಬಂದು ಕೆಲಸ ಶುರುಮಾಡಿದರೆ ಗೆದ್ದಂತೆ. ಯಾರಿಗೂ ಏನೂ ಗೊತ್ತಾಗದ ಹಾಗೆ ಮುಗಿಸಿದರು ಎಂಬುದೇ ಆ ತಂಡಕ್ಕೆ ಸಿಗುವ ದೊಡ್ಡ ಹೊಗಳಿಕೆ. ಈ ಅಳತೆಗೋಲೇ ತಪ್ಪು ಎಂಬುದು ನನ್ನ ವಾದ. ಹತ್ತು ಹದಿನೈದು ವರ್ಷ ಯಾರೂ ಕಣ್ಣಾಡಿಸದ ಪಟ್ಟಿಯೊಂದು, ಮೊದಲಿಗಿಂತ ಹೆಚ್ಚು ಅಧಿಕಾರವಿರುವ ಜಾಗಕ್ಕೆ ಸದ್ದಿಲ್ಲದೆ ಹೋಗಿ ಕೂತುಬಿಟ್ಟರೆ ಅದನ್ನು ಯಶಸ್ಸು ಎನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ.

ಮಾತು ಗಾಳಿಗೆ ಹೋಗಬಾರದೆಂದು ಒಂದೇ ಒಂದು ಸ್ಥಳಾಂತರವನ್ನು ಹಿಡಿದುಕೊಳ್ಳುತ್ತೇನೆ. ಬೆಂಗಳೂರಿನ ಚಿಪ್ ವಿನ್ಯಾಸದ ಕಚೇರಿಗಳಿಗೆ ಚೆನ್ನಾಗಿ ಪರಿಚಯವಿರುವಂಥದ್ದು ಅದು: ಎನ್‌ಐಎಸ್ ಎಂಬ ಹಳೆಯ ವ್ಯವಸ್ಥೆಯಿಂದ, ಬಳಕೆದಾರರ ಪಟ್ಟಿ ಇಡುವ ಎಲ್‌ಡ್ಯಾಪ್ ಮತ್ತು ಅವರ ಗುರುತು ಖಚಿತಪಡಿಸುವ ಕರ್ಬೆರೋಸ್‌ಗೆ ಹೋಗುವುದು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ವಿನ್ಯಾಸ ಕೇಂದ್ರ ತೆರೆದ ಮೇಲೆ ಈ ಊರಿನಲ್ಲಿ ಚಿಪ್ ವಿನ್ಯಾಸ ಒಂದು ವೃತ್ತಿಯಾಗಿ ಬೆಳೆಯಿತು. ಆ ಕೆಲಸದ ತಂತ್ರಾಂಶಗಳು ಮೊದಲು ಯುನಿಕ್ಸ್ ಮೇಲೆ ಓಡುತ್ತಿದ್ದವು, ಈಗ ಲಿನಕ್ಸ್ ಮೇಲೆ ಓಡುತ್ತವೆ. ಸುಮಾರು ಅದೇ ಕಾಲಕ್ಕೆ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯು ಬಳಕೆದಾರರ ಪಟ್ಟಿಯನ್ನು ಒಂದು ಸರ್ವರ್‌ನಲ್ಲಿಟ್ಟು ಜಾಲದ ಎಲ್ಲ ಯಂತ್ರಗಳಿಗೂ ಹಂಚುವ ಏರ್ಪಾಡನ್ನು ಕೊಟ್ಟಿತು. ಅದರ ಮೊದಲ ಹೆಸರು ಯೆಲ್ಲೋ ಪೇಜಸ್. ಬ್ರಿಟನ್ನಿನಲ್ಲಿ ಆ ಹೆಸರು ಬ್ರಿಟಿಷ್ ಟೆಲಿಕಾಂನ ಟ್ರೇಡ್‌ಮಾರ್ಕ್ ಆಗಿದ್ದುದರಿಂದ ಎನ್‌ಐಎಸ್ ಎಂದು ಬದಲಿಸಬೇಕಾಯಿತು. ಅದರ ಕಮಾಂಡ್‌ಗಳು ಮಾತ್ರ ಇವತ್ತಿಗೂ ‘ವೈಪಿ’ ಎಂದೇ ಶುರುವಾಗುತ್ತವೆ.

ಎನ್‌ಐಎಸ್ ಕೆಟ್ಟದ್ದು ಎಂದುಬಿಡುವುದು ಅನ್ಯಾಯ. ಅದು ಹುಟ್ಟಿದಾಗ ಯಂತ್ರಗಳೆಲ್ಲ ಕಂಪನಿಯವೇ, ಬೀಗ ಹಾಕಿದ ಲ್ಯಾಬಿನಲ್ಲಿದ್ದವು, ಯಂತ್ರದ ಪೂರ್ಣ ಅಧಿಕಾರ ಕೊಡುವ ರೂಟ್ ಪಾಸ್‌ವರ್ಡ್ ಒಬ್ಬಿಬ್ಬರ ಬಳಿ ಮಾತ್ರ ಇರುತ್ತಿತ್ತು. ಜಾಲದ ಒಳಗಿರುವವರೆಲ್ಲ ನಂಬಿಕಸ್ತರು ಎಂಬ ಎಣಿಕೆಯ ಮೇಲೆ ಅದನ್ನು ಕಟ್ಟಿದ್ದರು. ಹಾಗಾಗಿ ಒಳಗಿನ ಯಾವ ಯಂತ್ರದಲ್ಲಿ ಕೂತು ವೈಪಿಕ್ಯಾಟ್ ಕಮಾಂಡ್ ಕೊಟ್ಟರೂ ಎಲ್ಲರ ಹೆಸರುಗಳ ಜೊತೆಗೆ ಅವರ ಪಾಸ್‌ವರ್ಡಿನ ಗೂಢರೂಪವೂ ಪರದೆಯ ಮೇಲೆ ಬಂದು ಬೀಳುತ್ತದೆ. ಆ ಗೂಢರೂಪ ಮಾಡುವ ಹಳೆಯ ವಿಧಾನದ ಬಗ್ಗೆ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಮ್ಸನ್ 1979ರಲ್ಲೇ ವಿವರವಾಗಿ ಬರೆದಿದ್ದರು. ಅದು ಪಾಸ್‌ವರ್ಡಿನ ಮೊದಲ ಎಂಟು ಅಕ್ಷರಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತದೆ. ಇಪ್ಪತ್ತು ಅಕ್ಷರದ ಪಾಸ್‌ವರ್ಡ್ ಇಟ್ಟುಕೊಂಡು ನಿಶ್ಚಿಂತೆಯಿಂದಿರುವ ಎಂಜಿನಿಯರಿಗೆ ಉಳಿದ ಹನ್ನೆರಡು ಅಕ್ಷರ ಯಾವ ಕೆಲಸಕ್ಕೂ ಬರುತ್ತಿಲ್ಲ ಎಂದು ಯಾರೂ ಹೇಳಿರುವುದಿಲ್ಲ. ಎಪ್ಪತ್ತರ ದಶಕದ ಯಂತ್ರಗಳಿಗೆ ಭಾರವಾಗಿದ್ದ ಆ ಲೆಕ್ಕ ಇವತ್ತಿನ ಗ್ರಾಫಿಕ್ಸ್ ಕಾರ್ಡಿಗೆ ಏನೇನೂ ಅಲ್ಲ.

ಕಡತಗಳ ಮಾತು ಇನ್ನೂ ಸಡಿಲ. ಎನ್‌ಐಎಸ್‌ನ ಜೊತೆಗಾರನಾದ ಎನ್‌ಎಫ್‌ಎಸ್ ಕಡತ ಸರ್ವರ್, ಹಳೆಯ ಪದ್ಧತಿಯಲ್ಲಿ, ‘ನಾನು 5012ನೇ ಸಂಖ್ಯೆಯ ಬಳಕೆದಾರ’ ಎಂದು ಕೇಳುವ ಯಂತ್ರ ಹೇಳಿದರೆ ಹಾಗೇ ನಂಬುತ್ತದೆ. ಜಾಲದೊಳಗೆ ಬಿಟ್ಟುಕೊಂಡ ಲ್ಯಾಪ್‌ಟಾಪಿನಲ್ಲಿ ತಾನೇ ರೂಟ್ ಆಗಿರುವವನು ಬೇಕಾದ ಸಂಖ್ಯೆ ಹೇಳಿ ಬೇಕಾದವರ ಕಡತ ತೆಗೆಯಬಹುದು. ವರ್ಷಗಟ್ಟಲೆ ದುಡಿದು ಮಾಡಿದ ಚಿಪ್ಪಿನ ವಿನ್ಯಾಸವೆಲ್ಲ ಕೂತಿರುವುದು ಇಂಥ ಸರ್ವರ್‌ಗಳ ಮೇಲೆಯೇ.

ಇದಕ್ಕೆ ಪರಿಹಾರ ಬಹಳ ಹಿಂದೆಯೇ ಸಿದ್ಧವಾಗಿತ್ತು. ಎಂಐಟಿಯಲ್ಲಿ 1983ರಲ್ಲಿ ಶುರುವಾದ ಅಥೀನಾ ಯೋಜನೆಯಿಂದ ಕರ್ಬೆರೋಸ್ ಬಂತು. ಅದರಲ್ಲಿ ಪಾಸ್‌ವರ್ಡ್ ಜಾಲದ ಮೇಲೆ ಓಡಾಡುವುದೇ ಇಲ್ಲ, ಕೆಲವು ಗಂಟೆಗಳ ಆಯುಸ್ಸಿನ ಟಿಕೆಟ್ ಮಾತ್ರ ಓಡಾಡುತ್ತದೆ. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಬೆಳೆದ ಎಲ್‌ಡ್ಯಾಪ್‌ನ ಮೊದಲ ನಿರೂಪಣೆ 1993ರದ್ದು. ಎನ್‌ಐಎಸ್‌ನ ಪಟ್ಟಿಯನ್ನು ಎಲ್‌ಡ್ಯಾಪ್‌ನಲ್ಲಿ ಇಡುವುದು ಹೇಗೆಂದು ಹೇಳುವ ಆರ್‌ಎಫ್‌ಸಿ 2307 ಬಂದದ್ದು 1998ರಲ್ಲಿ. ಮೈಕ್ರೋಸಾಫ್ಟ್ ವಿಂಡೋಸ್ 2000ದ ಜೊತೆ ತಂದ ಆ್ಯಕ್ಟಿವ್ ಡೈರೆಕ್ಟರಿ ನಿಂತಿರುವುದೂ ಕರ್ಬೆರೋಸ್ ಮತ್ತು ಎಲ್‌ಡ್ಯಾಪ್‌ಗಳ ಮೇಲೆಯೇ. ಅಂದರೆ ನಾವು ‘ಹೊಸ ವ್ಯವಸ್ಥೆ’ ಎನ್ನುತ್ತಿರುವುದಕ್ಕೆ ಕಾಲು ಶತಮಾನ ದಾಟಿದೆ. ಆದರೂ 2022ರಲ್ಲಿ ರೆಡ್ ಹ್ಯಾಟ್ ತನ್ನ ಲಿನಕ್ಸಿನ 9ನೇ ಆವೃತ್ತಿಯಿಂದ ಎನ್‌ಐಎಸ್ ತೆಗೆದುಹಾಕುವ ತನಕ ಅದನ್ನೇ ನೆಚ್ಚಿಕೊಂಡಿದ್ದ ಕಚೇರಿಗಳಿದ್ದವು. ಬೇರೆ ದಾರಿಯೇ ಇಲ್ಲದಾದಾಗ ಅವರು ಹೊರಟರು, ಅದೂ ಅವಸರದಲ್ಲಿ.

ಇಷ್ಟು ತಡವಾದದ್ದಕ್ಕೆ ಸೋಮಾರಿತನ ಕಾರಣ ಎನ್ನುವಂತಿಲ್ಲ. ಸನ್ ಕಂಪನಿಯೇ 1992ರ ಹೊತ್ತಿಗೆ ಎನ್‌ಐಎಸ್ ಪ್ಲಸ್ ಎಂಬ ಭದ್ರವಾದ ಉತ್ತರಾಧಿಕಾರಿಯನ್ನು ತಂದಿತ್ತು. ಅದು ಎಷ್ಟು ಜಟಿಲವಾಗಿತ್ತೆಂದರೆ ಹೆಚ್ಚಿನವರು ಹಳೆಯದರಲ್ಲೇ ಉಳಿದರು. ನಂಬಿ ಹೋದವರು ಅಲ್ಲಿಂದಲೂ ಗಂಟುಮೂಟೆ ಕಟ್ಟಬೇಕಾಯಿತು. ಸೋಲಾರಿಸ್ 11 ಬರುವ ಹೊತ್ತಿಗೆ ಎನ್‌ಐಎಸ್ ಪ್ಲಸ್ ಇರಲಿಲ್ಲ, ಹಳೆಯ ಎನ್‌ಐಎಸ್ ಇನ್ನೂ ಇತ್ತು. ಕಾದು ನೋಡಿದವರಿಗೆ ಅವರದೇ ಆದ ವಿವೇಕವಿತ್ತು. ಆದರೆ ಎಲ್‌ಡ್ಯಾಪ್ ಗಟ್ಟಿಯಾಗಿ ನಿಂತ ಮೇಲೂ ಕಳೆದ ವರ್ಷಗಳಿಗೆ ಆ ಸಮಾಧಾನ ಸಾಲದು. ಅಲ್ಲಿ ಅಡ್ಡಬಂದದ್ದು ಪಟ್ಟಿ. ಅದನ್ನು ಬಿಚ್ಚಿ ನೋಡಿದರೆ ಉತ್ತರ ಹೇಳಬೇಕಾದ ಪ್ರಶ್ನೆಗಳು ಬಹಳ ಏಳುತ್ತವೆಂದು ಎಲ್ಲರಿಗೂ ಒಳಗೊಳಗೇ ಗೊತ್ತಿತ್ತು.

ಪಟ್ಟಿಯನ್ನು ಇದ್ದಂತೆಯೇ ಸಾಗಿಸಿದರೆ ಏನಾಗುತ್ತದೆ ಎಂಬುದನ್ನು ಕರ್ನಾಟಕದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಭೂಮಿ ಯೋಜನೆಯಲ್ಲಿ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ದೊಡ್ಡ ಸಾಧನೆ ಅದು, ಅನುಮಾನವಿಲ್ಲ. ಆದರೆ ತೀರಿಕೊಂಡ ಅಜ್ಜ ಮುತ್ತಜ್ಜಂದಿರ ಹೆಸರಿನಲ್ಲಿದ್ದ ಖಾತೆಗಳೂ ಹಾಗೇ ಬಂದವು, ಪೌತಿ ಖಾತೆಗೆಂದು ಸರ್ಕಾರ ಆಮೇಲೆ ಆಂದೋಲನಗಳನ್ನೇ ನಡೆಸಬೇಕಾಯಿತು. ಕೈಬರಹದ ಪುಸ್ತಕದಲ್ಲಿ ಹೆಸರು ಹಳೆಯದಾಗಿದ್ದರೆ ಜಮೀನು ಈಗ ಯಾರು ಮಾಡುತ್ತಿದ್ದಾರೆಂದು ಊರಿಗೆ ಗೊತ್ತಿರುತ್ತಿತ್ತು, ಗ್ರಾಮಲೆಕ್ಕಿಗನಿಗೂ ಗೊತ್ತಿರುತ್ತಿತ್ತು. ಕಂಪ್ಯೂಟರಿನ ಪಹಣಿಯಲ್ಲಿ ಅಚ್ಚಾದ ಹೆಸರು ಬ್ಯಾಂಕಿಗೂ ಬೆಳೆ ಪರಿಹಾರಕ್ಕೂ ಅದೇ ಕೊನೆಯ ಮಾತು. ಹಳೆಯ ತಪ್ಪಿಗೆ ಹೊಸ ಯಂತ್ರದ ಮುದ್ರೆ ಬಿತ್ತು.

ಕಂಪನಿಯ ಜಾಲದಲ್ಲಿ ನಡೆಯುವುದೂ ಇದೇ, ಅಪಾಯ ಮಾತ್ರ ಇನ್ನೂ ಹತ್ತಿರದ್ದು. ಎನ್‌ಐಎಸ್ ಕಾಲದಲ್ಲಿ ಮರೆತುಹೋದ ಅಕೌಂಟ್ ಒಂದು ಲ್ಯಾಬಿನ ನಾಲ್ಕು ಯಂತ್ರಗಳನ್ನು ತೆರೆಯುತ್ತಿತ್ತು, ಅಷ್ಟೆ. ಇಮೇಲಿಗೆ ಬೇರೆ ಲಾಗಿನ್, ಸಂಬಳದ ಪುಟಕ್ಕೆ ಬೇರೆ, ಮನೆಯಿಂದ ಒಳಬರುವ ವಿಪಿಎನ್‌ಗೆ ಇನ್ನೊಂದು. ಹೊಸ ವ್ಯವಸ್ಥೆಯ ಮುಖ್ಯ ಆಕರ್ಷಣೆಯೇ ಇವೆಲ್ಲಕ್ಕೂ ಒಂದೇ ಲಾಗಿನ್. ಅದು ನಿಜವಾದ ಅನುಕೂಲ, ನಾನು ಅದರ ಪರವೇ. ಆದರೆ ಹಳೆಯ ಪಟ್ಟಿಯ ಒಂದೊಂದು ಕೊಳೆತ ಸಾಲೂ ಆ ದಿನದಿಂದ ಎಲ್ಲ ಬಾಗಿಲುಗಳಿಗೂ ಕೀಲಿಕೈ. 2021ರ ಮೇ ತಿಂಗಳಲ್ಲಿ ಅಮೆರಿಕದ ಪೂರ್ವ ಕರಾವಳಿಯ ಇಂಧನದಲ್ಲಿ ಶೇ 45ರಷ್ಟನ್ನು ಸಾಗಿಸುವ ಕಲೋನಿಯಲ್ ಪೈಪ್‌ಲೈನ್ ಸೈಬರ್ ದಾಳಿಗೆ ಸಿಕ್ಕಿ ದಿನಗಟ್ಟಲೆ ನಿಂತುಹೋಯಿತು. ಒಳನುಗ್ಗಿದವರು ಬಂದ ದಾರಿ ಒಂದು ಹಳೆಯ ವಿಪಿಎನ್. ಬಳಕೆಯಲ್ಲಿ ಇರಬಾರದಿದ್ದ ಅದು ಪಾಸ್‌ವರ್ಡ್ ಒಂದನ್ನೇ ಕೇಳುತ್ತಿತ್ತು, ಎರಡನೆಯ ದೃಢೀಕರಣ ಇರಲಿಲ್ಲ. ಮುಂದಿನ ತಿಂಗಳು ಕಂಪನಿಯ ಮುಖ್ಯಸ್ಥ ಜೋಸೆಫ್ ಬ್ಲೌಂಟ್ ಸೆನೆಟ್ ಸಮಿತಿಯ ಮುಂದೆ ಕೂತು ಇದನ್ನು ಹೇಳಬೇಕಾಯಿತು. ಆ ಹೊತ್ತಿಗಾಗಲೇ 75 ಬಿಟ್‌ಕಾಯಿನ್ ಒತ್ತೆಹಣ ಕೊಟ್ಟಾಗಿತ್ತು. ಯಾರೋ ತೆಗೆಯಲು ಮರೆತ ಒಂದು ದಾರಿ.

ಕೆಲಸ ಬಿಟ್ಟವರ ಅಕೌಂಟ್ ತೆಗೆಯುವುದು ಅಷ್ಟು ಕಷ್ಟವೇ ಎಂದು ಹೊರಗಿನವರು ಕೇಳಬಹುದು. ಕಷ್ಟ ಯಾಕೆಂದರೆ ಆ ಅಕೌಂಟ್‌ಗಳು ಸುಮ್ಮನೆ ಕೂತಿರುವುದಿಲ್ಲ, ದುಡಿಯುತ್ತಿರುತ್ತವೆ. ಚಿಪ್ ವಿನ್ಯಾಸದಲ್ಲಿ ಪ್ರತಿ ರಾತ್ರಿ ರಿಗ್ರೆಷನ್ ಎಂಬ ಪರೀಕ್ಷೆಗಳ ಸರಮಾಲೆ ಓಡುತ್ತದೆ. ಅದನ್ನು ಮೊದಲು ಬರೆದಿಟ್ಟ ಎಂಜಿನಿಯರ್ ತನ್ನ ಹೆಸರಿನ ಕ್ರಾನ್‌ನಲ್ಲಿ, ಅಂದರೆ ಹೊತ್ತಿಗೆ ಸರಿಯಾಗಿ ಕೆಲಸ ತಾನೇ ಶುರುಮಾಡುವ ಪಟ್ಟಿಯಲ್ಲಿ, ಹಾಕಿ, ಎರಡು ವರ್ಷದ ಮೇಲೆ ಬೇರೆ ಕಂಪನಿಗೆ ಹೋಗಿರುತ್ತಾನೆ. ಸ್ಕ್ರಿಪ್ಟ್ ಓಡುತ್ತಲೇ ಇರುತ್ತದೆ. ಅವನ ಹೋಮ್ ಡೈರೆಕ್ಟರಿಯಲ್ಲಿರುವ ಒಂದು ಕಡತವನ್ನು ಇನ್ನೊಂದು ತಂಡದ ಸ್ಕ್ರಿಪ್ಟ್ ಓದುತ್ತಿರುತ್ತದೆ. ಅಕೌಂಟ್ ಮುಚ್ಚಿದ ರಾತ್ರಿ ರಿಗ್ರೆಷನ್ ನಿಲ್ಲುತ್ತದೆ, ಬೆಳಿಗ್ಗೆ ಮ್ಯಾನೇಜರಿಂದ ಐಟಿಗೆ ಫೋನ್ ಬರುತ್ತದೆ. ವಿನ್ಯಾಸವನ್ನು ತಯಾರಿಕೆಗೆ ಕಳಿಸುವ ಟೇಪ್‌ಔಟ್ ಹತ್ತಿರವಿರುವಾಗ ಇಂಥ ಒಂದು ರಾತ್ರಿ ಹಾಳಾದರೆ ಅದು ಸಣ್ಣ ನಷ್ಟವೇನಲ್ಲ. ಹಾಗಾಗಿ ‘ಸದ್ಯಕ್ಕೆ ಮುಟ್ಟಬೇಡಿ’ ಎಂಬ ಮಾತು ಹುಟ್ಟುತ್ತದೆ. ಆ ಸದ್ಯ ಮುಗಿಯುವ ದಿನ ಯಾರ ಕ್ಯಾಲೆಂಡರಿನಲ್ಲೂ ಇರುವುದಿಲ್ಲ.

ಇಲ್ಲಿ ಅನುಭವಸ್ಥರು ಒಂದು ಗಟ್ಟಿ ಆಕ್ಷೇಪ ಎತ್ತುತ್ತಾರೆ: ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ವ್ಯವಸ್ಥೆಯನ್ನೂ ಬದಲಿಸಿ, ಅದೇ ವಾರ ಐನೂರು ಅಕೌಂಟ್ ಅಳಿಸಿ, ಗ್ರೂಪ್‌ಗಳನ್ನೂ ತಿದ್ದಿದರೆ, ಸೋಮವಾರ ಏನಾದರೂ ಮುರಿದಾಗ ಯಾವುದರಿಂದ ಮುರಿಯಿತೆಂದು ಹುಡುಕುವುದು ಹೇಗೆ? ಆದ್ದರಿಂದ ಮೊದಲು ಇದ್ದಂತೆಯೇ ಸಾಗಿಸೋಣ, ಶುಚಿಗೊಳಿಸುವುದು ಆಮೇಲೆ. ಈ ಮಾತಿನ ಮೊದಲರ್ಧ ಪೂರ್ತಿ ಸರಿ, ಅದನ್ನು ತಳ್ಳಿಹಾಕುವವರು ಇಂಥ ಸೋಮವಾರವನ್ನು ಕಂಡವರಲ್ಲ. ಎರಡನೆಯ ಅರ್ಧವನ್ನು ಮಾತ್ರ ನಾನು ಒಪ್ಪುವುದಿಲ್ಲ. ಸ್ಥಳಾಂತರ ಮುಗಿದ ದಿನ ಬಜೆಟ್ ಮುಗಿಯುತ್ತದೆ, ತಂಡ ಚದುರುತ್ತದೆ, ಹಿರಿಯ ಅಧಿಕಾರಿಗಳ ಗಮನ ಬೇರೆಡೆಗೆ ಹೋಗುತ್ತದೆ. ಆಮೇಲಿನ ಕೆಲಸಕ್ಕೆ ದಿಕ್ಕಿರುವುದಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬ ನಿಯಮವನ್ನು ಪಾಲಿಸುತ್ತಲೇ ಶುಚಿಗೊಳಿಸುವುದನ್ನು ಮುಂದಕ್ಕೆ ತರಬಹುದು. ಹಳೆಯ ವ್ಯವಸ್ಥೆ ಇನ್ನೂ ನಡೆಯುತ್ತಿರುವಾಗಲೇ, ಎಲ್ಲರಿಗೂ ಪರಿಚಯವಿರುವ ಸಲಕರಣೆಗಳಲ್ಲೇ ಅದನ್ನು ಮಾಡಿ ಮುಗಿಸಬೇಕು.

ಇದಕ್ಕೆ ತಿಂಗಳುಗಳು ಬೇಕು. ಎಚ್‌ಆರ್ ವಿಭಾಗದ ಸಂಬಳದ ಪಟ್ಟಿಯನ್ನೂ ಎನ್‌ಐಎಸ್‌ನ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ನೋಡುವುದರಿಂದ ಶುರು. ಎರಡರಲ್ಲೂ ಇರುವವರ ತಂಟೆ ಇಲ್ಲ. ಎನ್‌ಐಎಸ್‌ನಲ್ಲಿದ್ದು ಸಂಬಳದ ಪಟ್ಟಿಯಲ್ಲಿ ಇಲ್ಲದವರಲ್ಲಿ ಮೂರು ಬಗೆಯವರು ಸಿಗುತ್ತಾರೆ: ಹೊರಗುತ್ತಿಗೆಯವರು, ಬಿಟ್ಟುಹೋದವರು, ಮನುಷ್ಯರೇ ಅಲ್ಲದವರು. ಹೊರಗುತ್ತಿಗೆಯವರ ಲೆಕ್ಕ ಎಚ್‌ಆರ್ ಬಳಿ ಇರುವುದಿಲ್ಲ, ಅದು ಖರೀದಿ ವಿಭಾಗದ ಒಪ್ಪಂದದ ಕಡತದಲ್ಲಿರುತ್ತದೆ, ಕೆಲವು ಸಲ ಮ್ಯಾನೇಜರ್ ಒಬ್ಬರ ತಲೆಯಲ್ಲಿ ಮಾತ್ರ. ಮನುಷ್ಯರಲ್ಲದವು ಎಂದರೆ ಲೈಸೆನ್ಸ್ ಸರ್ವರಿನ ಅಕೌಂಟ್, ಬ್ಯಾಕಪ್ಪಿನ ಅಕೌಂಟ್, ರಾತ್ರಿ ಓಟದ ಅಕೌಂಟ್. ಇವುಗಳಿಗೆ ಜೀವಂತ ಮನುಷ್ಯನೊಬ್ಬನ ಹೆಸರನ್ನು ಹೊಣೆಗಾರನೆಂದು ಬರೆಸಬೇಕು, ಆತ ಬಿಟ್ಟುಹೋದ ದಿನ ಹೊಣೆ ಯಾರಿಗೆ ಎಂಬುದನ್ನೂ ಬರೆಸಬೇಕು. ಬಿಟ್ಟುಹೋದವರ ಅಕೌಂಟನ್ನು ಮೊದಲು ಅಳಿಸಬಾರದು, ಬೀಗ ಹಾಕಿ ಕಾಯಬೇಕು. ಒಂದು ವಾರ ಕಾದರೆ ರಾತ್ರಿಯ ಓಟಗಳು ಬಯಲಾಗುತ್ತವೆ, ಮೂರು ತಿಂಗಳು ಕಾದರೆ ತ್ರೈಮಾಸಿಕ ವರದಿಯ ಸ್ಕ್ರಿಪ್ಟ್‌ಗಳು, ಮಾರ್ಚ್ 31 ಕಳೆದರೆ ವರ್ಷಕ್ಕೊಮ್ಮೆ ಏಳುವಂಥವೂ ಕಾಣಿಸಿಕೊಳ್ಳುತ್ತವೆ. ಏನಾದರೂ ನಿಂತಾಗ ಬೀಗ ತೆಗೆಯಲು ಒಂದು ನಿಮಿಷ ಸಾಕು. ಈ ಕೆಲಸದಲ್ಲಿ ಐಟಿಯವರಿಗಿಂತ ಎಚ್‌ಆರ್ ಮತ್ತು ವಿಭಾಗದ ಮುಖ್ಯಸ್ಥರ ಪಾಲು ದೊಡ್ಡದು. ಯಾರು ಇರಬೇಕು, ಯಾರಿಗೆ ಏನು ಕಾಣಬೇಕು ಎಂದು ನಿರ್ಧರಿಸುವ ಅಧಿಕಾರ ಸಿಸ್ಟಮ್ ಅಡ್ಮಿನ್‌ಗೆ ಇಲ್ಲ. ಆದರೂ ಆ ನಿರ್ಧಾರವನ್ನು ಅವರ ತಲೆಗೇ ಕಟ್ಟಿ, ತಪ್ಪಾದರೆ ಅವರನ್ನೇ ಬೈಯುವ ಅಭ್ಯಾಸ ನಮ್ಮ ಕಚೇರಿಗಳಲ್ಲಿ ಬೇರೂರಿದೆ. ಅದು ನಿಲ್ಲಬೇಕು.

ಸಂಖ್ಯೆಗಳ ವಿಷಯವನ್ನು ಸ್ವಲ್ಪ ಬಿಡಿಸಬೇಕು. ಯುನಿಕ್ಸ್ ಕಡತದ ಮೇಲೆ ಒಡೆಯನ ಹೆಸರನ್ನು ಬರೆಯುವುದಿಲ್ಲ, ಸಂಖ್ಯೆಯನ್ನು ಬರೆಯುತ್ತದೆ. 5012 ಯಾರು ಎಂದು ಪಟ್ಟಿಯನ್ನು ಕೇಳಿ ತಿಳಿದುಕೊಂಡು ಆಮೇಲೆ ಹೆಸರು ತೋರಿಸುತ್ತದೆ. ಬಿಟ್ಟುಹೋದವರ ಸಾಲು ಅಳಿಸಿ, ಅದೇ ಸಂಖ್ಯೆಯನ್ನು ಹೊಸಬರಿಗೆ ಕೊಟ್ಟರೆ, ಸೇರಿದ ಮೊದಲ ದಿನವೇ ಆ ಹೊಸಬರು ತಾವು ಕಂಡೇ ಇರದ ಒಬ್ಬರ ಎಲ್ಲ ಕಡತಗಳ ಒಡೆಯರಾಗುತ್ತಾರೆ. ಎರಡು ಕಂಪನಿಗಳು ಒಂದಾದಾಗ ತೊಡಕು ಇಮ್ಮಡಿ: ಇಲ್ಲಿಯ 1001 ಮತ್ತು ಅಲ್ಲಿಯ 1001 ಬೇರೆ ಬೇರೆ ಜನ. ಕಡತಗಳ ಒಡೆತನವನ್ನು ಡಿಸ್ಕಿನ ಮೇಲೆ ತಿದ್ದಬಹುದು, ರಾತ್ರಿಗಳು ಹಿಡಿದರೂ ತಿದ್ದಬಹುದು. ಬ್ಯಾಕಪ್ ಟೇಪಿನೊಳಗೆ ಬರೆದದ್ದನ್ನು ತಿದ್ದಲಾಗುವುದಿಲ್ಲ. ಆರು ವರ್ಷದ ಹಿಂದಿನ ಟೇಪನ್ನು ಒಂದು ದಿನ ಮರಳಿ ಹಾಕಿದಾಗ ಹಳೆಯ ಸಂಖ್ಯೆಗಳು ಹೊಸ ಮನುಷ್ಯರ ಹೆಸರು ಹೊತ್ತು ಎದ್ದು ಬರುತ್ತವೆ. ಹಾಗಾಗಿ ಯಾವ ಸಂಖ್ಯೆ ಯಾವ ತಾರೀಖಿನಿಂದ ಯಾವ ತಾರೀಖಿನ ತನಕ ಯಾರದಾಗಿತ್ತು ಎಂಬ ದಾಖಲೆಯೊಂದನ್ನು ಕಂಪನಿ ಇರುವ ತನಕ ಕಾಪಾಡಬೇಕು, ಒಮ್ಮೆ ಕೊಟ್ಟ ಸಂಖ್ಯೆಯನ್ನು ಮತ್ತೊಬ್ಬರಿಗೆ ಕೊಡಲೇಬಾರದು. ಸ್ಥಳಾಂತರದ ಯೋಜನೆಗಳಲ್ಲಿ ಈ ದಾಖಲೆಗೆ ಒಂದು ಸಾಲಿನ ಜಾಗವೂ ಸಿಗುವುದು ಅಪರೂಪ.

ಅನುಮತಿಗಳ ಕಥೆಯಲ್ಲಿ ಹದಿನಾರು ಎಂಬ ಸಂಖ್ಯೆ ದೊಡ್ಡ ಕೇಡು ಮಾಡಿದೆ. ಎನ್‌ಎಫ್‌ಎಸ್‌ನ ಹಳೆಯ ಪದ್ಧತಿಯಲ್ಲಿ ಒಬ್ಬ ಬಳಕೆದಾರನ ಬಗ್ಗೆ ಹೇಳಿಕೊಳ್ಳಬಹುದಾದ ಗ್ರೂಪ್‌ಗಳ ಮಿತಿ ಹದಿನಾರು. ಪ್ರತಿ ಪ್ರಾಜೆಕ್ಟಿಗೂ ಪ್ರತಿ ಗ್ರಾಹಕನಿಗೂ ಒಂದೊಂದು ಗ್ರೂಪ್ ಇರುವ ಕಚೇರಿಯಲ್ಲಿ ಹಿರಿಯ ಎಂಜಿನಿಯರ್ ಆ ಮಿತಿಯನ್ನು ಬೇಗ ದಾಟುತ್ತಾರೆ. ದಾಟಿದಾಗ ಎಚ್ಚರಿಕೆಯೇನೂ ಬರುವುದಿಲ್ಲ, ಹದಿನೇಳನೆಯ ಪ್ರಾಜೆಕ್ಟಿನ ಕಡತ ತೆರೆಯುವುದಿಲ್ಲ, ಅಷ್ಟೆ. ಅವಸರದಲ್ಲಿರುವವರು ಆ ಡೈರೆಕ್ಟರಿಯನ್ನು ಎಲ್ಲರಿಗೂ ತೆರೆದುಬಿಡುತ್ತಾರೆ. ಹೀಗೆ ವರ್ಷಗಳಲ್ಲಿ ಎಲ್ಲರಿಗೂ ತೆರೆದುಕೊಂಡ ಡೈರೆಕ್ಟರಿಗಳು ಯಾರ ನಿರ್ಧಾರದಿಂದಲೂ ಹಾಗಾದವಲ್ಲ, ಒಂದು ಹಳೆಯ ಮಿತಿಯ ಒತ್ತಡಕ್ಕೆ ಆದವು. ಹೊಸ ವ್ಯವಸ್ಥೆಯಲ್ಲಿ ಆ ಮಿತಿಯನ್ನು ದಾಟುವ ದಾರಿಗಳಿವೆ. ಅನುಮತಿಗಳನ್ನು ಮಾತ್ರ ಇದ್ದಂತೆ ಸಾಗಿಸಿದರೆ, ಕಾರಣ ಹೋದ ಮೇಲೂ ಬಾಗಿಲು ತೆರೆದೇ ಇರುತ್ತದೆ. ಕೇಳಿದವರಿಗೆ ‘ಮೊದಲಿಂದಲೂ ಹೀಗೇ’ ಎಂಬ ಉತ್ತರ ಸಿಗುತ್ತದೆ.

ಹೆಸರಿನ ಪ್ರಶ್ನೆ ನನಗೆ ಭದ್ರತೆಯಷ್ಟೇ ಮುಖ್ಯ. ಎಲ್‌ಡ್ಯಾಪ್‌ನಲ್ಲಿ ವ್ಯಕ್ತಿಯೊಬ್ಬರ ದಾಖಲೆಗೆ ಎರಡು ವಿವರ ಕಡ್ಡಾಯ: ಹೆಸರು ಮತ್ತು ಸರ್‌ನೇಮ್. 1988ರ ಎಕ್ಸ್.500 ಮಾನದಂಡದಿಂದ ಇಳಿದುಬಂದ ನಿಯಮ ಇದು. ಅದನ್ನು ಬರೆದವರ ಊರಿನಲ್ಲಿ ಸರ್‌ನೇಮ್ ಇಲ್ಲದ ಮನುಷ್ಯರು ಇದ್ದಿರಲಿಕ್ಕಿಲ್ಲ. ಹಳೆ ಮೈಸೂರಿನ ಕಡೆಯಿಂದ ಬಂದ ಎಂಜಿನಿಯರ್ ಒಬ್ಬಾಕೆಗೆ ಇರುವುದು ಒಂದು ಹೆಸರು, ಅದರ ಹಿಂದೆಯೋ ಮುಂದೆಯೋ ಊರಿನದೋ ತಂದೆಯದೋ ಇನಿಷಿಯಲ್. ಸರ್‌ನೇಮ್ ಖಾಲಿ ಬಿಟ್ಟರೆ ಹೊಸ ವ್ಯವಸ್ಥೆ ಆ ಸಾಲನ್ನೇ ತಿರಸ್ಕರಿಸುತ್ತದೆ. ಶನಿವಾರ ಮಧ್ಯರಾತ್ರಿ ಇಂಥ ನೂರಾರು ಸಾಲುಗಳು ತಿರಸ್ಕೃತವಾದಾಗ ತಂಡದವರು ಒಂದು ಸ್ಕ್ರಿಪ್ಟ್ ಬರೆದು ಅಲ್ಲಿ ಚುಕ್ಕೆಯನ್ನೋ ಇನಿಷಿಯಲನ್ನೋ ಅದೇ ಹೆಸರನ್ನು ಎರಡನೆಯ ಸಲವೋ ತುಂಬುತ್ತಾರೆ. ಸೋಮವಾರದಿಂದ ಆಕೆಯ ಇಮೇಲಿನಲ್ಲಿ ಹೆಸರು ಎರಡೆರಡು ಸಲ ಬರುತ್ತದೆ. ಊರಿನ ಹೆಸರನ್ನು ಬಿಡಿಸಿ ತುಂಬಿದ್ದರೆ ಹೊರದೇಶದ ಸಹೋದ್ಯೋಗಿಗಳು ಆಕೆಯನ್ನು ಊರಿನ ಹೆಸರಿನಿಂದ, ತಂದೆಯದನ್ನು ತುಂಬಿದ್ದರೆ ತಂದೆಯ ಹೆಸರಿನಿಂದ ಕರೆಯುತ್ತಾರೆ. ಹಳೆಯ ಯುನಿಕ್ಸಿನ ಎಂಟಕ್ಷರದ ಮಿತಿಗೆ ಸಿಕ್ಕಿ ಮಂಜುನಾಥ ಎಂಬ ಇಂಗ್ಲಿಷಿನ ಒಂಬತ್ತಕ್ಷರದ ಹೆಸರು ಕೊನೆಯ ‘ಎಚ್’ ಕಳೆದುಕೊಂಡು ಲಾಗಿನ್ ಆದದ್ದನ್ನು ಎಷ್ಟೋ ಮಂದಿ ಇಪ್ಪತ್ತು ವರ್ಷ ಹೊತ್ತಿದ್ದಾರೆ.

ಇದು ಸಣ್ಣ ಸಂಗತಿಯೆಂದು ನಕ್ಕು ಬಿಡುವವರು ತಮ್ಮ ಹೆಸರಿಗೆ ಹೀಗಾಗಿಲ್ಲದವರು. ಮದುವೆಯಾಗಿ ಹೆಸರು ಬದಲಿಸಿದವರು, ವಿಚ್ಛೇದನದ ಮೇಲೆ ಹಳೆಯ ಹೆಸರಿಗೆ ಮರಳಿದವರು, ಲಿಂಗತ್ವ ಅಲ್ಪಸಂಖ್ಯಾತರಾಗಿ ತಮ್ಮ ನಿಜವಾದ ಹೆಸರನ್ನು ಪಡೆದವರು ನಮ್ಮ ಕಚೇರಿಗಳಲ್ಲಿದ್ದಾರೆ. ಹೆಸರು ಬದಲಿಸಿಕೊಳ್ಳುವ ಹಕ್ಕನ್ನು 2019ರ ಲಿಂಗತ್ವ ಅಲ್ಪಸಂಖ್ಯಾತರ ಕಾಯಿದೆ ಒಪ್ಪಿಕೊಂಡಿದೆ. ಲಾಗಿನ್ ಹೆಸರು ಬದಲಿಸಲು ಬರುವುದಿಲ್ಲ ಎಂಬ ಐಟಿಯ ಉತ್ತರ ಹಳೆಯ ವ್ಯವಸ್ಥೆಯಲ್ಲಿ ಒಂದು ಮಟ್ಟಕ್ಕೆ ನಿಜವಿತ್ತು, ನೂರಾರು ಸ್ಕ್ರಿಪ್ಟ್‌ಗಳು ಆ ಹೆಸರನ್ನೇ ಹಿಡಿದು ನಡೆಯುತ್ತಿದ್ದವು. ಹೊಸದರಲ್ಲಿ ಗುರುತು ಎಂದೂ ಬದಲಾಗದ ಒಂದು ಸಂಖ್ಯೆಯಾಗಿರಬಹುದು, ಹೆಸರು ಆ ಮನುಷ್ಯ ಹೇಳಿದಂತೆ ಇರಬಹುದು. ಆದರೆ ಹಾಗೆ ಇರಬೇಕೆಂದು ಯಾರಾದರೂ ಮೊದಲೇ ಹೇಳಬೇಕು. ಸ್ಥಳಾಂತರಕ್ಕೆ ಮುನ್ನ ಪ್ರತಿಯೊಬ್ಬರಿಗೂ ‘ನಿಮ್ಮ ಹೆಸರು ಹೇಗೆ ಕಾಣಬೇಕು?’ ಎಂದು ಕೇಳಿದರೆ ಕಂಪನಿಗೆ ಆಗುವ ಖರ್ಚು ಒಂದು ಫಾರ್ಮ್.

ಎಲ್ಲರಿಗೂ ಪಾಸ್‌ವರ್ಡ್ ಗೊತ್ತಿರುವ ಹಂಚಿಕೆಯ ಅಕೌಂಟ್‌ಗಳ ವಿಷಯದಲ್ಲಿ ನಾನು ರಾಜಿಗೆ ಸಿದ್ಧನಿಲ್ಲ. ಭೂಮಿ ಯೋಜನೆಯನ್ನು ಮೇಲೆ ಟೀಕಿಸಿದೆ, ಈ ಒಂದು ವಿಷಯದಲ್ಲಿ ಅದರಿಂದ ಕಲಿಯಬೇಕು. ಪಹಣಿ ತಿದ್ದುವ ಸಿಬ್ಬಂದಿ ಲಾಗಿನ್ ಆಗಲು ಬೆರಳಚ್ಚು ಕೊಡಬೇಕೆಂದು ಅಲ್ಲಿ ಮೊದಲೇ ಗೊತ್ತುಮಾಡಿದ್ದರು. ನಾಳೆ ‘ಅದು ನಾನಲ್ಲ’ ಎನ್ನಲು ಯಾರಿಗೂ ದಾರಿ ಇರಬಾರದು ಎಂಬುದು ಉದ್ದೇಶ. ಕೋಟ್ಯಂತರ ರೂಪಾಯಿಯ ವಿನ್ಯಾಸವನ್ನು ಚಿಪ್ ತಯಾರಿಸುವ ಫ್ಯಾಬಿಗೆ ಕಳಿಸುವ ಅಕೌಂಟಿಗೆ ಹತ್ತು ಜನರ ಮಧ್ಯೆ ಒಂದೇ ಪಾಸ್‌ವರ್ಡ್ ಇಟ್ಟುಕೊಂಡ ಕಚೇರಿಗಳು ತಾಲ್ಲೂಕು ಕಚೇರಿಗಿಂತ ಹಿಂದಿವೆ. ದೇಶದ ಸೈಬರ್ ಭದ್ರತೆ ನೋಡಿಕೊಳ್ಳುವ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಲಾಗ್‌ಗಳನ್ನು 180 ದಿನ ಕಾಪಾಡಬೇಕು, ಗಡಿಯಾರಗಳನ್ನು ಅಧಿಕೃತ ಸಮಯಕ್ಕೆ ಹೊಂದಿಸಬೇಕು ಎಂದಿದೆ. ಗಡಿಯಾರದ ಮಾತು ಕರ್ಬೆರೋಸ್‌ಗೂ ಬೇಕಾದದ್ದೇ, ಐದು ನಿಮಿಷಕ್ಕಿಂತ ಹೆಚ್ಚು ಹಿಂದೆ ಮುಂದೆ ಆದ ಯಂತ್ರವನ್ನು ಅದು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಆದರೆ ಲಾಗಿನಲ್ಲಿ ಹತ್ತು ಜನರ ಹೆಸರಿಗೆ ಒಂದೇ ಪದ ಬರೆದಿದ್ದರೆ ಅದನ್ನು 180 ದಿನ ಇಟ್ಟು ಏನು ತಿಳಿಯಬಹುದು?

ಇನ್ನೊಂದು ಕಷ್ಟವನ್ನು ಮುಚ್ಚಿಡುವುದು ಸರಿಯಲ್ಲ. ಕರ್ಬೆರೋಸ್ ಟಿಕೆಟ್ಟಿಗೆ ಆಯುಸ್ಸು ಗಂಟೆಗಳಲ್ಲಿ, ಚಿಪ್ಪಿನ ಸಿಮ್ಯುಲೇಷನ್ ಓಡುವುದು ದಿನಗಟ್ಟಲೆ. ಎಂಜಿನಿಯರ್ ಸೋಮವಾರ ಬಿಟ್ಟ ಕೆಲಸ ಗುರುವಾರ ಫಲಿತಾಂಶ ಬರೆಯಲು ಹೋದಾಗ ಟಿಕೆಟ್ ಸತ್ತಿರುತ್ತದೆ, ಎನ್‌ಎಫ್‌ಎಸ್ ಬರೆಯಲು ಬಿಡುವುದಿಲ್ಲ, ನಾಲ್ಕು ದಿನದ ಲೆಕ್ಕ ಹೋಗುತ್ತದೆ. ಟಿಕೆಟ್ ನವೀಕರಿಸುವ ಉಪಾಯಗಳಿವೆ, ಅವು ಸರಾಗವಾಗಿಲ್ಲ. ಹಾಗಾಗಿ ಲಾಗಿನ್‌ಗೆ ಮಾತ್ರ ಕರ್ಬೆರೋಸ್ ಬಳಸಿ, ಕಡತಗಳನ್ನು ಹಳೆಯ ನಂಬಿಕೆಯ ಪದ್ಧತಿಯಲ್ಲೇ ಬಿಡುವ ಕಚೇರಿಗಳಿವೆ. ಅದನ್ನು ನಾನು ದೂರುವುದಿಲ್ಲ, ಕೆಲಸ ನಡೆಯಬೇಕು. ಆದರೆ ‘ಸ್ಥಳಾಂತರ ಪೂರ್ಣ’ ಎಂದು ಆಡಳಿತ ಮಂಡಳಿಗೆ ವರದಿ ಕೊಟ್ಟು, ಕಡತ ಸರ್ವರ್ ಇನ್ನೂ ಹೇಳಿದ್ದನ್ನೆಲ್ಲ ನಂಬುತ್ತದೆ ಎಂಬ ಸಾಲನ್ನು ಬಿಟ್ಟುಬಿಡುವುದು ಮೋಸ. ಕಂಪ್ಯೂಟ್ ಯಂತ್ರಗಳನ್ನೂ ಲ್ಯಾಪ್‌ಟಾಪ್‌ಗಳನ್ನೂ ಬೇರೆ ಜಾಲಗಳಲ್ಲಿಟ್ಟು, ಹಳೆಯ ಪದ್ಧತಿ ಮೊದಲನೆಯದಕ್ಕೆ ಮಾತ್ರ ಎಂದು ಬಿಗಿಮಾಡಿದರೆ ಅಪಾಯ ಬಹಳ ಇಳಿಯುತ್ತದೆ. ಉಳಿದ ಅಪಾಯಕ್ಕೆ ಒಬ್ಬ ಹಿರಿಯ ಅಧಿಕಾರಿ ಸಹಿ ಹಾಕಲಿ.

ಈ ಎಲ್ಲ ಪಟ್ಟಿಯೂ ಒಂದೇ ಕಡೆ ಸೇರಿದ ಮೇಲೆ ಅದರ ನಕಲು ಎಲ್ಲಿದೆ ಎಂಬ ಪ್ರಶ್ನೆಗೂ ಬೆಲೆ ಏರುತ್ತದೆ. 2017ರ ಜೂನ್‌ನಲ್ಲಿ ನಾಟ್‌ಪೆಟ್ಯಾ ದಾಳಿ ಹಡಗು ಕಂಪನಿ ಮೇರ್ಸ್ಕ್‌ನಲ್ಲಿ ಇಂಥ ಪಟ್ಟಿ ಹೊತ್ತಿದ್ದ ಡೊಮೈನ್ ಕಂಟ್ರೋಲರ್‌ಗಳನ್ನೆಲ್ಲ ಅಳಿಸಿತು. ಒಂದು ಮಾತ್ರ ಉಳಿಯಿತು, ಅದು ಘಾನಾದಲ್ಲಿ, ಆ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿ ಯಂತ್ರ ಜಾಲದಿಂದ ಹೊರಗಿತ್ತು. ಅವು ಒಂದಕ್ಕೊಂದು ನಕಲು ಎಂಬ ಧೈರ್ಯದಲ್ಲಿ ಹೊರಗಿನ ಬ್ಯಾಕಪ್ ಇಟ್ಟಿರಲಿಲ್ಲ.

ಕೊನೆಗೆ ಹಳೆಯ ಸರ್ವರ್ ಆರಿಸುವ ಮಾತು. ಎರಡೂ ಕೆಲವು ದಿನ ಜೊತೆಗಿರಲಿ ಎಂದು ಎಲ್ಲ ಯೋಜನೆಗಳೂ ಶುರುವಾಗುತ್ತವೆ, ಅದು ಬೇಕಾದದ್ದೇ. ಜೊತೆಯಲ್ಲಿ ಇರುವಷ್ಟು ದಿನ ಹಳೆಯದರಲ್ಲಿ ಮುಚ್ಚಿದ ಅಕೌಂಟ್ ಹೊಸದರಲ್ಲಿ ತೆರೆದಿರಬಹುದು, ಹೊಸದರಲ್ಲಿ ಮುಚ್ಚಿದ್ದು ಹಳೆಯದರಲ್ಲಿ. ಕಂಪನಿ ಎರಡು ಪಟ್ಟಿಗಳ ದೋಷಗಳನ್ನೂ ಒಟ್ಟಿಗೆ ಹೊರುತ್ತದೆ. ಹಳೆಯ ಎನ್‌ಐಎಸ್ ಸರ್ವರ್‌ಗೆ ಯಾವ ಯಂತ್ರಗಳಿಂದ ಇನ್ನೂ ಪ್ರಶ್ನೆಗಳು ಬರುತ್ತಿವೆ ಎಂದು ಬರೆದಿಟ್ಟುಕೊಂಡು, ಒಂದೊಂದನ್ನೇ ಹುಡುಕಿ ಹೋಗಬೇಕು. ಕೊನೆಯಲ್ಲಿ ಉಳಿಯುವುದು ಹೆಚ್ಚಾಗಿ ಯಾರೂ ಮುಟ್ಟಲು ಹೆದರುವ ಲೈಸೆನ್ಸ್ ಸರ್ವರೋ, ಲ್ಯಾಬಿನ ಟೆಸ್ಟರಿಗೆ ಅಂಟಿಕೊಂಡ ಹಳೆಯ ಸೋಲಾರಿಸ್ ಯಂತ್ರವೋ. ಅಂಥದ್ದಕ್ಕೆ ಅದರೊಳಗೇ ನಾಲ್ಕು ಹೆಸರಿನ ಸ್ಥಳೀಯ ಪಟ್ಟಿ ಬರೆದು ಜಾಲದಿಂದ ದೂರ ಇಡಬಹುದು. ಅದೊಂದಕ್ಕಾಗಿ ಇಡೀ ಹಳೆಯ ವ್ಯವಸ್ಥೆಯನ್ನು ಜೀವಂತ ಇಡಬೇಕಿಲ್ಲ.

ಈ ಕೆಲಸವನ್ನು ಲೋಕದ ದೊಡ್ಡ ಕಂಪನಿಗಳಿಗಾಗಿ ರಾತ್ರಿಪಾಳಿಯಲ್ಲಿ ಮಾಡಿಕೊಡುವ ಸೇವಾ ಸಂಸ್ಥೆಗಳು ಬೆಂಗಳೂರಿನಲ್ಲೇ ಬಹಳ ಇರುವುದರಿಂದ ಒಂದು ಮಾತು ಅವುಗಳಿಗೂ, ಅವುಗಳಿಗೆ ಕೆಲಸ ಕೊಡುವವರಿಗೂ. ಒಪ್ಪಂದದಲ್ಲಿ ಹಳೆಯದರಿಂದ ಹೊಸದಕ್ಕೆ ಬದಲಾಗುವ ಕಟ್‌ಓವರ್ ದಿನವನ್ನೇ ಕೊನೆಯ ಮೈಲಿಗಲ್ಲು ಎಂದು ಬರೆದರೆ ಪಟ್ಟಿ ಹಾಗೇ ಸಾಗುತ್ತದೆ, ಯಾಕೆಂದರೆ ಪರಿಶೀಲಿಸಲು ಯಾರಿಗೂ ಹಣ ಕೊಟ್ಟಿಲ್ಲ. ಮೊದಲ ಕಂತು ಶುಚಿಯಾದ ಪಟ್ಟಿಗೆ ಎಚ್‌ಆರ್ ಮತ್ತು ವಿಭಾಗ ಮುಖ್ಯಸ್ಥರ ಸಹಿ ಬಿದ್ದಾಗ, ಕೊನೆಯ ಕಂತು ಹಳೆಯ ಸರ್ವರಿನ ಡಿಸ್ಕ್ ಅಳಿಸಿದ ಪತ್ರ ಕೈಸೇರಿದಾಗ ಎಂದು ಬರೆದರೆ, ನಡುವಿನ ಆ ಶನಿವಾರ ಸುಲಭವಾಗುತ್ತದೆ.